ತವರಿನಲ್ಲಿ ಅಪರೂಪ, ಹೊರನಾಡಿನಲ್ಲಿ ಬೆಳೆ: ಒಂದು ಬಿಳಿ ನೀಲಗಿರಿಯ ಪಾಠ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ನೀಲಗಿರಿ ಎಂದೊಡನೆ ಕೋಲಾರ, ಬೆಂಗಳೂರು, ತುಮಕೂರು ಕಡೆಯ ರೈತರಿಗೆ ನೆನಪಾಗುವುದು ರಾಗಿ ಹೊಲಗಳಲ್ಲಿ ಸಾಲುಗಟ್ಟಿ ನಿಂತ ಮರಗಳು. ಅದರಿಂದ ಕೈಗೆ ಬಂದ ಹಣವೂ ಉಂಟು, ಬಾವಿ ಬತ್ತಿತೆಂಬ ದೂರೂ ಉಂಟು. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇಷ್ಟೊಂದು ಹಬ್ಬಿದ ಮರವು ಎಲ್ಲಿಯೋ ಅಳಿಯುತ್ತಿದೆ ಎಂದರೆ ನಂಬುವುದು ಕಷ್ಟ. ಆದರೆ ನೀಲಗಿರಿ ಎಂಬುದು ಒಂದೇ ಮರದ ಹೆಸರಲ್ಲ. ಅದರ ತವರಾದ ಆಸ್ಟ್ರೇಲಿಯಾದಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳಿವೆ. ಕೆಲವು ವಿಶಾಲ ಪ್ರದೇಶದಲ್ಲಿ ಹರಡಿದ್ದರೆ, ಕೆಲವು ಒಂದೆರಡು ಕಣಿವೆಗಳಲ್ಲಿ ಮಾತ್ರ ಉಳಿದಿವೆ. ಅಂಥ ಒಂದು ಪ್ರಭೇದದ ಕಥೆಯನ್ನು ಬೀಜ ಎತ್ತಿಡುವ ಪ್ರತಿಯೊಬ್ಬ ರೈತನೂ ತಿಳಿಯಬೇಕು.

ಮರದ ಪರಿಚಯ

ಈ ಮರದ ಶಾಸ್ತ್ರೀಯ ಹೆಸರು ಯೂಕಲಿಪ್ಟಸ್ ಬೆಂಥಾಮಿ. ಆಸ್ಟ್ರೇಲಿಯಾದ ಸಸ್ಯಗಳ ಬಗ್ಗೆ ಏಳು ಸಂಪುಟಗಳ ಗ್ರಂಥವನ್ನು ರಚಿಸಿದ ಜಾರ್ಜ್ ಬೆಂಥಮ್ ಎಂಬ ಸಸ್ಯಶಾಸ್ತ್ರಜ್ಞನ ನೆನಪಿಗೆ ಈ ಹೆಸರಿಡಲಾಗಿದೆ. ಸಿಡ್ನಿ ನಗರದ ನೈಋತ್ಯಕ್ಕಿರುವ ಕ್ಯಾಮ್ಡನ್ ಪಟ್ಟಣದ ಹೆಸರಿನಿಂದ ಇದನ್ನು 'ಕ್ಯಾಮ್ಡನ್ ಬಿಳಿ ಗಮ್' ಎಂದೂ ಕರೆಯುತ್ತಾರೆ. ಸುಮಾರು 40 ಮೀಟರ್ ಎತ್ತರಕ್ಕೆ ಬೆಳೆಯಬಲ್ಲ ಈ ಮರದ ಬುಡದಲ್ಲಿ ಒರಟು ತೊಗಟೆಯಿದ್ದು, ಮೇಲ್ಭಾಗವು ನುಣುಪಾಗಿ ಬೆಳ್ಳಗಿರುತ್ತದೆ. ನೇಪಿಯನ್ ನದಿ ಮತ್ತು ಅದರ ಉಪನದಿಗಳ ದಂಡೆಯ ಮೆಕ್ಕಲು ಭೂಮಿಯೇ ಇದರ ನೆಲೆ. ಬೇರೆಲ್ಲಿಯೂ ಇದು ತಾನಾಗಿ ಬೆಳೆಯುವುದಿಲ್ಲ.

ಮೆಕ್ಕಲು ಭೂಮಿ ಯಾರಿಗೆ ಬೇಡ? ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಬಿಳಿಯರು ಬೇಸಾಯಕ್ಕೂ ದನಕುರಿಗಳ ಮೇವಿಗೂ ಮೊದಲು ಕಡಿದು ಹಸನು ಮಾಡಿದ್ದು ಈ ಹೊಳೆಯಂಚಿನ ನೆಲವನ್ನೇ. ಬಳಿಕ ಸಿಡ್ನಿಯ ಕುಡಿಯುವ ನೀರಿಗಾಗಿ ಕಟ್ಟಿದ ವಾರಗಂಬ ಅಣೆಕಟ್ಟು 1960ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಮರದ ನೆಲೆಯ ಇನ್ನೊಂದು ಭಾಗ ಮುಳುಗಿತು. ಈಗ ಉಳಿದಿರುವ ದೊಡ್ಡ ಗುಂಪು ಒಂದೇ. ಅದು ಕೆಡುಂಬ ಕಣಿವೆಯಲ್ಲಿದ್ದು, ಅಲ್ಲಿ ಕೆಲವು ಸಾವಿರ ಮರಗಳಿವೆ. ಬೆಂಟ್ಸ್ ಬೇಸಿನ್ ಎಂಬಲ್ಲಿ ಕೆಲವು ನೂರು ಮರಗಳಿವೆ. ಕ್ಯಾಮ್ಡನ್ ಸುತ್ತಮುತ್ತ ನದಿಯಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮರ ಉಳಿದಿದೆ. ಆಸ್ಟ್ರೇಲಿಯಾದ ಕಾನೂನಿನಲ್ಲಿ ಇದು ಅಳಿವಿನ ಭೀತಿಯಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿದೆ.

ಸಸಿ ಹುಟ್ಟಲು ನೆರೆ ಬೇಕು

ಇದರ ಬೀಜ ರಾಗಿ ಕಾಳಿಗಿಂತ ಚಿಕ್ಕದು. ಮೊಳಕೆಗೆ ಒದಗುವ ಆಹಾರ ಅದರಲ್ಲಿ ಅತ್ಯಲ್ಪ. ಆದ್ದರಿಂದ ಹುಲ್ಲು, ಕಳೆ ತುಂಬಿದ ನೆಲದಲ್ಲಿ ಬಿದ್ದ ಬೀಜ ಸಸಿಯಾಗುವುದಿಲ್ಲ. ನೆರೆ ಬಂದು ಇಳಿದ ಮೇಲೆ ಉಳಿಯುವ ಹೊಸ ಗೋಡು ಮಣ್ಣು, ತೇವ ಮತ್ತು ಬಿಸಿಲು, ಈ ಮೂರೂ ಕೂಡಿದಾಗ ಸಸಿಗಳು ಏಳುತ್ತವೆ. ಅಣೆಕಟ್ಟು ನದಿಯ ಹರಿವನ್ನು ತಡೆದರೆ ಹೊಸ ಮಣ್ಣು ಬೀಳುವುದಿಲ್ಲ, ಕಳೆಗಳು ದಂಡೆಯನ್ನು ಮುಚ್ಚುತ್ತವೆ. ಹಳೆಯ ಮರಗಳು ನಿಂತಿದ್ದರೂ ಅವುಗಳ ಕೆಳಗೆ ಎಳೆಯ ಮರಗಳಿಲ್ಲದಂತಾಗುತ್ತದೆ.

ಹಾಗೆಂದು ನೆರೆಯನ್ನು ಬರಮಾಡಿಕೊಳ್ಳುವುದೂ ಸುಲಭವಲ್ಲ. ಅಣೆಕಟ್ಟಿನ ಕೆಳಗಿನ ಬಯಲಿನಲ್ಲಿ ಸಾವಿರಾರು ಮನೆಗಳಿವೆ. ಅವುಗಳ ರಕ್ಷಣೆಗಾಗಿ ವಾರಗಂಬ ಅಣೆಕಟ್ಟನ್ನು ಸುಮಾರು 14 ಮೀಟರ್ ಎತ್ತರಿಸುವ ಯೋಜನೆಯನ್ನು 2016ರಲ್ಲಿ ಪ್ರಕಟಿಸಲಾಯಿತು. 2021 ಮತ್ತು 2022ರ ನೆರೆಗಳಲ್ಲಿ ಆ ಜನರು ಪಟ್ಟ ಪಾಡು ಸಣ್ಣದಲ್ಲ. ಆದರೆ ಅಣೆಕಟ್ಟು ಎತ್ತರವಾದರೆ ನೆರೆಯ ಕಾಲದಲ್ಲಿ ಹಿನ್ನೀರು ಕೆಡುಂಬ ಕಣಿವೆಯ ಮರಗಳ ಬುಡಕ್ಕೂ ಏರುವ ಭಯವಿತ್ತು. ಆಗಾಗ ಹರಿದುಹೋಗುವ ನೆರೆ ಈ ಮರಕ್ಕೆ ಹಿತ; ದಿನಗಟ್ಟಲೆ ನಿಲ್ಲುವ ನೀರು ಹಿತವಲ್ಲ. 2023ರಲ್ಲಿ ಹೊಸ ಸರ್ಕಾರ ಈ ಯೋಜನೆಯನ್ನು ಕೈಬಿಟ್ಟಿತು.

ಒಂಟಿ ಮರದ ಬೀಜ

ನೀಲಗಿರಿಯಲ್ಲಿ ಕೀಟ ಮತ್ತು ಪಕ್ಷಿಗಳಿಂದ ಪರಾಗಸ್ಪರ್ಶವಾಗುತ್ತದೆ. ನೆರೆಹೊರೆಯಲ್ಲಿ ಬೇರೆ ಮರಗಳಿದ್ದರೆ ಪರಕೀಯ ಪರಾಗಸ್ಪರ್ಶದಿಂದ ಒಳ್ಳೆಯ ಬೀಜ ಕಟ್ಟುತ್ತದೆ. ಮರ ಒಂಟಿಯಾದರೆ ತನ್ನ ಪರಾಗದಿಂದಲೇ ಬೀಜ ಕಟ್ಟುವುದು ಹೆಚ್ಚು. ಅಂಥ ಸಸಿಗಳು ಸೊರಗುತ್ತವೆ. ಇಲ್ಲವೇ ಪಕ್ಕದ ಬೇರೆ ಪ್ರಭೇದದ ಪರಾಗ ಬಿದ್ದು ಮಿಶ್ರ ಸಸಿಗಳು ಹುಟ್ಟುತ್ತವೆ. ಬೆಂಥಾಮಿಯ ಸಣ್ಣ ಗುಂಪುಗಳಲ್ಲಿ ಈ ಎರಡು ದೋಷಗಳೂ ಕಂಡುಬಂದಿವೆ. ಮರ ಬದುಕಿದ್ದ ಮಾತ್ರಕ್ಕೆ ತಳಿ ಉಳಿದಂತಲ್ಲ.

ವಿಚಿತ್ರವೆಂದರೆ ತವರಿನಲ್ಲಿ ಎಣಿಸಿ ನೋಡಬೇಕಾದ ಈ ಮರ ಹೊರನಾಡುಗಳಲ್ಲಿ ವಾಣಿಜ್ಯ ಬೆಳೆ. ಚಳಿಯನ್ನು ತಡೆದುಕೊಂಡು ಬೇಗ ಬೆಳೆಯುವ ಗುಣವಿರುವುದರಿಂದ ದಕ್ಷಿಣ ಬ್ರೆಜಿಲ್, ಉರುಗ್ವೆ ಮತ್ತು ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಇದನ್ನು ನೆಡುತ್ತಿದ್ದಾರೆ. ಅಲ್ಲಿ ಲಕ್ಷಾಂತರ ಮರಗಳಿರುವಾಗ ತವರಿನ ಕೆಲವು ಸಾವಿರ ಮರಗಳ ಚಿಂತೆ ಏಕೆ ಎಂದು ಕೇಳಬಹುದು. ನೆಡುತೋಪಿನಲ್ಲಿರುವುದು ಆಯ್ದ ಕೆಲವು ಮರಗಳ ಸಂತತಿ. ನಾಳೆ ಹೊಸ ರೋಗವೋ ಕೀಟವೋ ಬಂದರೆ ಅದನ್ನು ತಡೆಯುವ ಗುಣವನ್ನು ಹುಡುಕಬೇಕಾದುದು ತವರಿನ ಕಾಡಿನಲ್ಲಿಯೇ.

ನಂದಿ ಬೆಟ್ಟದ ಅನುಭವ

ಕರ್ನಾಟಕದಲ್ಲಿಯೇ ಇದಕ್ಕೆ ಉದಾಹರಣೆಯಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿ ಬೆಟ್ಟಕ್ಕೆ ನೀಲಗಿರಿ ಬಂತೆಂದು ಹೇಳಲಾಗುತ್ತದೆ. ಅಲ್ಲಿಯ ಮರಗಳ ಬೀಜದಿಂದ ಬೆಳೆದು ಬಂದ 'ಮೈಸೂರು ಗಮ್' ದೇಶದ ಅನೇಕ ಕಡೆ ಹರಡಿತು. ಆದರೆ ಅದರ ಮೂಲ ಕೆಲವೇ ಮರಗಳು. ತಳಿ ಸುಧಾರಿಸಲು ಮತ್ತೆ ಆಸ್ಟ್ರೇಲಿಯಾದ ಪೆಟ್‌ಫರ್ಡ್ ಮುಂತಾದ ನೆಲೆಗಳಿಂದ ಬೀಜ ತರಿಸಬೇಕಾಯಿತು. 2000ರ ದಶಕದಲ್ಲಿ ಎಲೆಗಳಲ್ಲಿ ಗಂಟು ಕಟ್ಟಿಸುವ ಸಣ್ಣ ಕಣಜ ದಕ್ಷಿಣ ಭಾರತಕ್ಕೆ ಬಂದಾಗ ಕೆಲವು ತಳಿಗಳು ತೀವ್ರ ಹಾನಿಗೊಳಗಾದವು, ಕೆಲವು ತಡೆದುಕೊಂಡವು. ಎಲ್ಲ ಮರಗಳೂ ಒಂದೇ ತೆರನಾಗಿದ್ದರೆ ತಡೆದುಕೊಳ್ಳುವ ಮರವೇ ಇರುತ್ತಿರಲಿಲ್ಲ.

ರೈತರು ಮಾಡಬಹುದಾದದ್ದು

ಬೆಂಥಾಮಿಯನ್ನು ಕಾಯುವುದು ಅದರ ತವರಿನವರ ಹೊಣೆ. ಆದರೆ ಇಲ್ಲಿಯ ಹೊಂಗೆ, ಬೇವು, ಹಿಪ್ಪೆ ಮರಗಳಿಗೆ ತವರು ಈ ನಾಡೇ. ಆದ್ದರಿಂದ ಈ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ಸಸಿಮಡಿಗೆ ಒಂದೇ ಮರದ ಬೀಜ ಬಳಸಬಾರದು. ಒಂದಕ್ಕೊಂದು ಸುಮಾರು 100 ಮೀಟರ್ ದೂರವಿರುವ ಕನಿಷ್ಠ 10 ಆರೋಗ್ಯವಂತ ಮರಗಳಿಂದ ಬೀಜ ಸಂಗ್ರಹಿಸಿ ಬೆರೆಸಬೇಕು.

2. ಒಂಟಿಯಾಗಿ ನಿಂತ ಮರದ ಬೀಜವನ್ನು, ಅದು ಎಷ್ಟೇ ಹುಲುಸಾಗಿದ್ದರೂ, ಸಸಿಗಾಗಿ ಬಳಸದಿರುವುದು ಮೇಲು.

3. ಹಳ್ಳ, ಹೊಳೆ, ಕೆರೆಯಂಚಿನ ಹಳೆಯ ಮರಗಳನ್ನು ಸಾಗುವಳಿಗಾಗಿ ಕಡಿಯಬಾರದು. ಅವುಗಳ ಕೆಳಗೆ ತಾನಾಗಿ ಎದ್ದ ಸಸಿಗಳನ್ನು ದನಕರುಗಳಿಂದ ಕಾಪಾಡಬೇಕು.

4. ಗ್ರಾಮಸೇವಕರು ಮತ್ತು ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಹಳೆಯ ತೋಪುಗಳನ್ನು ಗುರುತಿಸಿ, ಮರಗಳನ್ನು ಎಣಿಸಿ ಬರೆದಿಡಬೇಕು. ಎಳೆಯ ಮರಗಳು ಇವೆಯೇ ಎಂಬುದನ್ನು ಮುಖ್ಯವಾಗಿ ನೋಡಬೇಕು.

ಬಿತ್ತನೆ ಬೀಜದ ಮಡಕೆಯನ್ನು ಬರಗಾಲದಲ್ಲಿಯೂ ರೈತ ಬರಿದು ಮಾಡುವುದಿಲ್ಲ. ಊರಂಚಿನ ಹಳೆಯ ತೋಪೂ ಅಂಥದೇ ಒಂದು ಮಡಕೆ. ಅದು ಬರಿದಾದರೆ ಕಡ ತರಲು ಬೇರೆ ಮನೆ ಇರುವುದಿಲ್ಲ.