ಎರಡು ರೂಪಾಯಿಯ ಷೇರಿಗೊಂದು ದುಆ
(ಜುಮುಆ ಖುತ್ಬಾದ ಸಾರಾಂಶ)

ಅಲ್ಲಾಹನನ್ನು ಭಯಪಡಿರಿ ಎಂದು ಮೊದಲು ನನಗೂ ಬಳಿಕ ನಿಮಗೂ ಉಪದೇಶಿಸುತ್ತೇನೆ.

ಕಳೆದ ವಾರ ಮಗ್ರಿಬ್ ನಮಾಝಿನ ನಂತರ ಸಹೋದರರೊಬ್ಬರು ನನ್ನ ಬಳಿ ಬಂದು ಕುಳಿತರು. "ಉಸ್ತಾದರೇ, ಒಂದು ದುಆ ಮಾಡಬೇಕು" ಎಂದರು. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದುಕೊಂಡೆ. ಅವರು ಮೊಬೈಲ್ ತೆರೆದು ಒಂದು ಷೇರಿನ ಬೆಲೆ ತೋರಿಸಿದರು. "ಇದು ಹತ್ತು ರೂಪಾಯಿಗೆ ಏರಬೇಕು." ಅವರ ಅನುಮತಿ ಪಡೆದೇ, ಹೆಸರು ಹೇಳದೆ, ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಯಾರೋ ಸೇರಿಸಿದ ಟೆಲಿಗ್ರಾಂ ಗುಂಪಿನಲ್ಲಿ ಆ ಕಂಪೆನಿಯ ಹೆಸರು ಬಂದಿತ್ತಂತೆ. 2 ರೂಪಾಯಿ 40 ಪೈಸೆಯಂತೆ 50 ಸಾವಿರ ಷೇರು, ಒಟ್ಟು 1 ಲಕ್ಷ 20 ಸಾವಿರ ರೂಪಾಯಿ. ಈಗ ಬೆಲೆ 90 ಪೈಸೆ. ಮಾರೋಣವೆಂದರೆ ದಿನವೂ ಲೋವರ್ ಸರ್ಕ್ಯೂಟ್. ಅಂದರೆ ಆ ದಿನ ಎಷ್ಟು ಬೀಳಬಹುದೋ ಅಷ್ಟೂ ಬಿದ್ದು ನಿಂತಿರುತ್ತದೆ; ಮಾರುವವರದ್ದೇ ಸಾಲು, ಕೊಳ್ಳುವವರಿಲ್ಲ. ಕಂಪೆನಿ ಏನು ತಯಾರಿಸುತ್ತದೆ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ.

ಷೇರು ಹರಾಮೇ ಎಂದು ಯುವಕರು ಆಗಾಗ ಕೇಳುವುದುಂಟು. ಹಲಾಲ್ ವ್ಯವಹಾರದ, ಬಡ್ಡಿ ಸಾಲದಲ್ಲಿ ಮುಳುಗಿರದ ಕಂಪೆನಿಯಲ್ಲಿ ಪಾಲುದಾರರಾಗುವುದನ್ನು ಇಂದಿನ ಅನೇಕ ವಿದ್ವಾಂಸರು ಅನುಮತಿಸಿದ್ದಾರೆ. ಅಂಥ ಕಂಪೆನಿಗಳನ್ನು ಆಯ್ದ ನಿಫ್ಟಿ 50 ಶರಿಯಾ ಎಂಬ ಸೂಚ್ಯಂಕವೇ ನಮ್ಮ ದೇಶದಲ್ಲಿದೆ. ಆದರೆ ಪಾಲುದಾರನಿಗೆ ತನ್ನ ಅಂಗಡಿಯಲ್ಲಿ ಏನು ಮಾರುತ್ತಾರೆ ಎಂದಾದರೂ ತಿಳಿದಿರಬೇಡವೇ? ಎರಡು ರೂಪಾಯಿ ಎಂದ ಮಾತ್ರಕ್ಕೆ ಅದು ಅಗ್ಗವೂ ಅಲ್ಲ. 100 ಕೋಟಿ ಷೇರುಗಳಿರುವ ಕಂಪೆನಿಗೆ ಎರಡು ರೂಪಾಯಿಯ ಲೆಕ್ಕದಲ್ಲಿ 200 ಕೋಟಿ ಬೆಲೆ ಕಟ್ಟಿದಂತಾಯಿತು. ಒಳಗೆ ಅಷ್ಟು ಬಾಳುವ ವ್ಯಾಪಾರ ಇದೆಯೇ?

ಇಂಥ ಮೋಸ ಹೊಸದೇನಲ್ಲ. ಕೊಳ್ಳುವ ಇರಾದೆಯೇ ಇಲ್ಲದವನು ಹೆಚ್ಚಿನ ಬೆಲೆ ಕೂಗುತ್ತಾನೆ, ಅದನ್ನು ಕೇಳಿ ಇನ್ನೊಬ್ಬ ಮೋಸ ಹೋಗುತ್ತಾನೆ. ಇದಕ್ಕೆ ನಜಶ್ ಎಂದು ಹೆಸರು. ಪ್ರವಾದಿವರ್ಯರು(ಸ) ಇದನ್ನು ನಿಷೇಧಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಇಂದಿನ ಆಪರೇಟರುಗಳು ತಮ್ಮತಮ್ಮಲ್ಲೇ ಕೊಂಡು ಮಾರಿ ಬೆಲೆ ಏರಿಸುತ್ತಾರೆ, ವೀಡಿಯೊ ಹರಿಬಿಡುತ್ತಾರೆ, ಜನ ಮುಗಿಬಿದ್ದಾಗ ತಮ್ಮ ಷೇರನ್ನು ಅವರ ಕೈಗೆ ದಾಟಿಸಿ ಹೊರಟುಹೋಗುತ್ತಾರೆ. ಯೂಟ್ಯೂಬ್ ವೀಡಿಯೊಗಳ ಮೂಲಕ ಹೀಗೆ ನಡೆದ ಆರೋಪದಲ್ಲಿ 2023ರ ಮಾರ್ಚ್‌ನಲ್ಲಿ ಸೆಬಿ ಹಲವರನ್ನು ಷೇರು ಮಾರುಕಟ್ಟೆಯಿಂದ ದೂರವಿಟ್ಟು ಆದೇಶ ಹೊರಡಿಸಿತ್ತು.

"ಉಸ್ತಾದರೇ, ನಾನು ಮೋಸ ಮಾಡಿದವನಲ್ಲ, ಮೋಸ ಹೋದವನು" ಎಂದರು. ನಿಜ, ಒಪ್ಪಿದೆ. "ಹತ್ತು ರೂಪಾಯಿ ಆದಾಗ ಯಾರಿಗೆ ಮಾರುತ್ತೀರಿ?" ಎಂದು ಕೇಳಿದೆ. ಅವರು ಸುಮ್ಮನಾದರು. ಒಳಗೆ ಏನೂ ಇಲ್ಲದ ಷೇರನ್ನು ಹತ್ತಕ್ಕೆ ಕೊಳ್ಳುವವನೂ ಅಂಥದ್ದೇ ಸಂದೇಶ ಓದಿದ ಇನ್ನೊಬ್ಬ ಬಡಪಾಯಿ. ಅವನು ಸಿಕ್ಕಿಬೀಳಲಿ ಎಂದು ನಾನು ಹೇಗೆ ಕೈ ಎತ್ತಲಿ?

ಹಣ ಎಲ್ಲಿಂದ ಬಂತು ಎಂಬುದು ಕೊನೆಗೆ ಹೊರಬಿತ್ತು. ಮಹ್ರ್ ಆಗಿ ಕೊಟ್ಟ ಪತ್ನಿಯ ಬಳೆಗಳನ್ನು ಅಂಗಡಿಗೆ ಮಾಲು ತರಬೇಕೆಂದು ಹೇಳಿ ಅಡವಿಟ್ಟಿದ್ದರು. ಷೇರು ಬಿದ್ದರೂ ಬಡ್ಡಿ ಏರುತ್ತಲೇ ಇದೆ. ಸಹೋದರರೇ, ಮಹ್ರ್ ಪತ್ನಿಯ ಸ್ವತ್ತು. ಅವಳು ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡ ಉಣ್ಣಬಹುದು ಎಂಬುದನ್ನು ಸೂರಃ ಅನ್ನಿಸಾದ ಆರಂಭದಲ್ಲೇ ಕಾಣುತ್ತೀರಿ. ಸುಳ್ಳು ಹೇಳಿ ಪಡೆದದ್ದು ಮನಸಾರೆ ಕೊಟ್ಟದ್ದು ಹೇಗಾದೀತು?

ಆ ರಾತ್ರಿ ಮನೆಯಲ್ಲಿ ಸತ್ಯ ಹೇಳುವ ಧೈರ್ಯಕ್ಕಾಗಿ ಇಬ್ಬರೂ ದುಆ ಮಾಡಿದೆವು. ಮರುದಿನ ಅವರು ಹೇಳಿದರು. ಆ ತಾಯಿ ಅತ್ತರಂತೆ. ಆಮೇಲೆ, ಮಗಳ ನಿಕಾಹ್‌ಗೆ ಮೊದಲು ಬಳೆ ಬಿಡಿಸಿ ಕೊಡಿ ಎಂದಷ್ಟೇ ಕೇಳಿದರಂತೆ. ಉಳಿದ ಷೇರುಗಳನ್ನು ಬಂದ ಬೆಲೆಗೆ ಮಾರಲು ಅವರು ಒಪ್ಪಿದ್ದಾರೆ, ಅದು ಸಾಲದು. ಬಡ್ಡಿಯಿಲ್ಲದೆ ಕರ್ಝೆ ಹಸನ್ ಕೊಡಬಲ್ಲವರು ನಮಾಝಿನ ನಂತರ ನನ್ನನ್ನು ಕಾಣಿರಿ. ಯಾರಿಗೆ ಎಂದು ಮಾತ್ರ ಕೇಳಬೇಡಿ.