ಬಾರ್ವನ್ ಕ್ಷೇತ್ರ: ಬತ್ತಿದ ನದಿ ಮತ್ತು ಮತದ ಲೆಕ್ಕ



ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ವಿಧಾನಸಭೆಯಲ್ಲಿ 93 ಸ್ಥಾನಗಳಿವೆ. ಅವುಗಳಲ್ಲಿ ಒಂದು ಬಾರ್ವನ್. ಅದರ ವಿಸ್ತೀರ್ಣ ಸುಮಾರು 3,56,000 ಚದರ ಕಿಲೋಮೀಟರ್, ಅಂದರೆ ಆ ರಾಜ್ಯದ ಶೇ. 44ರಷ್ಟು ನೆಲ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಅದನ್ನು ಪ್ರತಿನಿಧಿಸಲು 224 ಶಾಸಕರಿದ್ದಾರೆ. ಅದರ ಹೆಚ್ಚುಕಡಿಮೆ ಎರಡರಷ್ಟು ಭೂಭಾಗಕ್ಕೆ ಅಲ್ಲಿ ಒಬ್ಬರೇ ಶಾಸಕರು. ಮತದಾರರೋ ಐವತ್ತೈದು ಸಾವಿರದ ಆಸುಪಾಸು.

ಕ್ಷೇತ್ರ ಇಷ್ಟು ಹಿಗ್ಗಿದ್ದು ಜನ ಕರಗಿದ್ದರಿಂದ. ಪ್ರತಿಯೊಂದು ಕ್ಷೇತ್ರದಲ್ಲಿಯೂ ಮತದಾರರ ಸಂಖ್ಯೆ ಸರಿಸುಮಾರು ಸಮನಾಗಿರಬೇಕೆಂಬುದು ಅಲ್ಲಿಯ ನಿಯಮ. ಒಳನಾಡಿನ ಊರುಗಳು ಬರಿದಾದಂತೆಲ್ಲ ಗಡಿರೇಖೆಗಳು ಹೊರಕ್ಕೆ ಸರಿದವು. 2013ರ ಪುನರ್ವಿಂಗಡಣೆಯಲ್ಲಿ ಪಕ್ಕದ ಮರ್ರೆ-ಡಾರ್ಲಿಂಗ್ ಕ್ಷೇತ್ರವೇ ರದ್ದಾಗಿ, ಅದರಲ್ಲಿದ್ದ ಬ್ರೋಕನ್ ಹಿಲ್ ಎಂಬ ಗಣಿನಗರ ಬಾರ್ವನ್ನಿಗೆ ಬಂದು ಸೇರಿತು. 2008ರಲ್ಲಿ ಸೋಮವಾರಪೇಟೆ ಕ್ಷೇತ್ರ ಅಳಿದು, ಮೂರಿದ್ದ ಕೊಡಗಿನ ವಿಧಾನಸಭಾ ಸ್ಥಾನಗಳು ಎರಡಾದದ್ದನ್ನು ಕಂಡವರಿಗೆ ಈ ಲೆಕ್ಕದ ತರ್ಕವನ್ನು ವಿವರಿಸಬೇಕಾಗಿಲ್ಲ. ಆಸ್ಟ್ರೇಲಿಯಾದ್ದೇ ಕ್ವೀನ್ಸ್‌ಲ್ಯಾಂಡ್ ರಾಜ್ಯ ಬೇರೆ ದಾರಿ ಹಿಡಿದಿದೆ. ಅಲ್ಲಿ ಒಂದು ಲಕ್ಷ ಚದರ ಕಿಲೋಮೀಟರಿಗಿಂತ ದೊಡ್ಡದಾದ ಕ್ಷೇತ್ರಗಳಲ್ಲಿ ವಿಸ್ತೀರ್ಣದ ಶೇ. 2ರಷ್ಟು ಸಂಖ್ಯೆಯನ್ನು ಮತದಾರರ ಲೆಕ್ಕಕ್ಕೆ ಕೂಡಿಸುತ್ತಾರೆ. ಅದೇ ಸೂತ್ರವನ್ನು ಬಾರ್ವನ್ನಿಗೆ ಅನ್ವಯಿಸಿದ್ದರೆ ಏಳು ಸಾವಿರಕ್ಕೂ ಹೆಚ್ಚು 'ಮತದಾರರು' ಬರಿಯ ನೆಲದಿಂದಲೇ ಹುಟ್ಟುತ್ತಿದ್ದರು. ನೆಲವನ್ನು ಮತದಾರನೆಂದು ಎಣಿಸುವುದು ಸರಿಯೇ ಎಂಬುದು ವಿದ್ಯಾರ್ಥಿಗಳು ಚರ್ಚಿಸಬೇಕಾದ ವಿಷಯ. ನೆಲವನ್ನು ಪೂರ್ತಿ ಮರೆಯುವುದೂ ಸರಿಯಲ್ಲ ಎಂಬುದಕ್ಕೆ ಬಾರ್ವನ್ನೇ ಸಾಕ್ಷಿ.

1950ರಿಂದ 2019ರವರೆಗೆ ಈ ಸ್ಥಾನ ಒಂದೇ ಪಕ್ಷದ ಕೈಯಲ್ಲಿತ್ತು. ಮೊದಲು ಕಂಟ್ರಿ ಪಾರ್ಟಿ ಎಂದಿದ್ದ ಅದು ಈಗಿನ ನ್ಯಾಷನಲ್ಸ್ ಪಕ್ಷ. ಅರವತ್ತೊಂಬತ್ತು ವರ್ಷಗಳಲ್ಲಿ ನಾಲ್ವರೇ ಶಾಸಕರು. 2015ರಲ್ಲಿ ನ್ಯಾಷನಲ್ಸ್ ಪಡೆದಿದ್ದ ಮುನ್ನಡೆ ಶೇ. 13ರ ಸಮೀಪ, ಇಂಥ ಸ್ಥಾನವನ್ನು ಅಲ್ಲಿಯ ಪತ್ರಿಕೆಗಳು 'ಸುರಕ್ಷಿತ' ಎಂದು ಕರೆಯುತ್ತವೆ. ಯಾರ ಪಾಲಿಗೆ ಸುರಕ್ಷಿತ ಎಂದು ಕೇಳುವವರು ಕಡಿಮೆ. ಸೋಲಿನ ಭಯವಿಲ್ಲದ ಕಡೆ ಆಡಳಿತ ಪಕ್ಷದ ಕಿವಿ ಮಂದವಾಗುತ್ತದೆ. ಗೆಲ್ಲುವ ಆಸೆಯಿಲ್ಲದ ವಿರೋಧ ಪಕ್ಷವೂ ಅತ್ತ ತಲೆಹಾಕುವುದಿಲ್ಲ.

ಕ್ಷೇತ್ರಕ್ಕೆ ಹೆಸರು ಬಂದದ್ದು ನದಿಯಿಂದ. ಬಾರ್ವನ್ ನದಿಯೇ ಬರ್ಕ್ ಊರಿನ ಮೇಲ್ಭಾಗದಲ್ಲಿ ಕಲ್ಗೋವಾ ನದಿಯನ್ನು ಕೂಡಿಕೊಂಡು ಡಾರ್ಲಿಂಗ್ ಆಗುತ್ತದೆ. ಅದರ ದಡದ ಮೂಲನಿವಾಸಿಗಳಾದ ಬಾರ್ಕಂಜಿ ಜನ ಅದನ್ನು ಬಾಕಾ ಎನ್ನುತ್ತಾರೆ. ಮೇಲ್ಪಾತಳಿಯಲ್ಲಿ ನರಾಬ್ರೈ ಸುತ್ತಿನ ಹತ್ತಿ ಸೀಮೆ. ಕೆಳಗೆ ವಿಲ್ಕೇನಿಯಾ ಮತ್ತು ಮೆನಿಂಡಿ. ನೀರೆತ್ತುವವರೂ ನೀರಿಗಾಗಿ ಕಾಯುವವರೂ ಒಂದೇ ಕ್ಷೇತ್ರದ ಮತದಾರರು. ಬಾರ್ವನ್ನಿನ ಚುನಾವಣೆಯ ಕಗ್ಗಂಟು ಇರುವುದು ಇಲ್ಲಿಯೇ.

2018ರ ಡಿಸೆಂಬರಿನಿಂದ 2019ರ ಜನವರಿಯವರೆಗೆ ಮೆನಿಂಡಿಯ ಬಳಿ ಮೂರು ಬಾರಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಹರಿವು ನಿಂತ ನೀರಿನಲ್ಲಿ ನೀಲಿ-ಹಸಿರು ಪಾಚಿ ಬೆಳೆದಿತ್ತು. ಬಿಸಿಲಿಗೆ ಕಾದ ಮೇಲಿನ ಪದರದ ಕೆಳಗೆ ಆಮ್ಲಜನಕವಿಲ್ಲದ ತಣ್ಣನೆಯ ಪದರ ಕಟ್ಟಿತ್ತು. ಹವೆ ಥಟ್ಟನೆ ತಂಪಾದಾಗ ಎರಡೂ ಬೆರೆತು ಮೀನುಗಳು ಉಸಿರುಗಟ್ಟಿದವು. ಸರ್ಕಾರ ಬರಗಾಲವನ್ನು ದೂರಿತು. ಆಸ್ಟ್ರೇಲಿಯಾದ ವಿಜ್ಞಾನ ಅಕಾಡೆಮಿ ನೇಮಿಸಿದ ತಜ್ಞರ ತಂಡ 2019ರ ಫೆಬ್ರುವರಿಯಲ್ಲಿ ಬೇರೆಯೇ ಮಾತು ಹೇಳಿತು: ಬರಗಾಲವೊಂದೇ ಕಾರಣವಲ್ಲ, ನದಿಯಿಂದ ಎತ್ತಿದ ನೀರು ಅತಿಯಾಯಿತು.

ಮೆನಿಂಡಿಯ ಜನಸಂಖ್ಯೆ ಐನೂರರ ಆಸುಪಾಸು. ಅಷ್ಟು ಜನರ ಸಿಟ್ಟು ಒಂದು ಸ್ಥಾನವನ್ನು ಅಲುಗಿಸಲಾರದು. ಆದರೆ ಸಾವಿರಾರು ಮತಗಳಿರುವ ಬ್ರೋಕನ್ ಹಿಲ್ ತಲೆಮಾರುಗಳಿಂದ ಕುಡಿದದ್ದು ಮೆನಿಂಡಿ ಕೆರೆಗಳ ನೀರನ್ನು. ಆ ಕೆರೆಗಳು ಬತ್ತಿದಾಗ ಸರ್ಕಾರ ಮರ್ರೆ ನದಿಯಿಂದ ಬ್ರೋಕನ್ ಹಿಲ್‌ವರೆಗೆ 270 ಕಿಲೋಮೀಟರ್ ಉದ್ದದ ಕೊಳವೆಮಾರ್ಗ ಹಾಕಿತು. ನಗರಕ್ಕೆ ನೀರು ಬಂತು, ಅನುಮಾನವೂ ಬಂತು: ಪಟ್ಟಣದ ಬಾಯಾರಿಕೆಗೆ ಪರಿಹಾರ ಸಿಕ್ಕ ಮೇಲೆ ಡಾರ್ಲಿಂಗಿಗೆ ನೀರು ಬಿಡಿ ಎಂದು ಗಟ್ಟಿಯಾಗಿ ಕೇಳುವವರು ಯಾರು? ನದಿ ತಿರುವು ಯೋಜನೆಗಳ ವಾದವಿವಾದ ಕೇಳಿ ಬಲ್ಲ ಮಲೆನಾಡಿನವರಿಗೆ ಈ ಅನುಮಾನ ಹೊಸದೇನಲ್ಲ.

2019ರ ಮಾರ್ಚ್ 23ರಂದು ಮತದಾನ ನಡೆಯಿತು. ಅಲ್ಲಿ ಮತ ಹಾಕುವುದು ಕಡ್ಡಾಯ, ತಪ್ಪಿದರೆ ದಂಡ. ಇಲ್ಲಿಯ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಹಾಗೆ ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ನೀಡಬಹುದು. ಒಂದಕ್ಕೇ ನಿಲ್ಲಿಸಿದರೂ ಮತ ಸಿಂಧು. ನ್ಯಾಷನಲ್ಸ್ ವಿರುದ್ಧ ಸುಮಾರು ಶೇ. 19ರಷ್ಟು ಮತ ಸರಿಯಿತು. ಗೆದ್ದವರು ರಾಯ್ ಬಟ್ಲರ್. ಅವರದು ಶೂಟರ್ಸ್, ಫಿಷರ್ಸ್ ಆಂಡ್ ಫಾರ್ಮರ್ಸ್ ಪಕ್ಷ, ಎಂದರೆ ಬೇಟೆಗಾರರ, ಮೀನು ಹಿಡಿಯುವವರ ಮತ್ತು ರೈತರ ಪಕ್ಷ. ಪರಿಸರವಾದಿಗಳು ಇಲ್ಲಿ ಹಿಗ್ಗುವಂತಿಲ್ಲ. ಬಂದೂಕು ನಿಯಂತ್ರಣವನ್ನು ವಿರೋಧಿಸುತ್ತ ಬೆಳೆದ, ರಾಷ್ಟ್ರೀಯ ಉದ್ಯಾನಗಳ ವಿಸ್ತರಣೆಯನ್ನು ಒಪ್ಪದ ಪಕ್ಷವದು. ನದಿಗಾಗಿ ಹುಟ್ಟಿದ ಆಕ್ರೋಶ ಗ್ರೀನ್ಸ್ ಪಕ್ಷದ ಬುಟ್ಟಿಗೆ ಬೀಳಲಿಲ್ಲ. ಊರಿನ ಸಂತೆಯಲ್ಲಿ ನಿಂತು ಊರಿನ ಮಾತಿನಲ್ಲಿ ನೀರಿನ ಪ್ರಶ್ನೆ ಎತ್ತಿದವರಿಗೆ ಅದು ದಕ್ಕಿತು.

2022ರ ಡಿಸೆಂಬರಿನಲ್ಲಿ ಬಟ್ಲರ್ ಆ ಪಕ್ಷವನ್ನೂ ತೊರೆದರು. 2023ರ ಮಾರ್ಚ್ 25ರ ಚುನಾವಣೆಗೆ ವಾರವೊಂದೇ ಉಳಿದಿದ್ದಾಗ ಮೆನಿಂಡಿಯಲ್ಲಿ ಮತ್ತೆ ಮೀನುಗಳು ಸತ್ತವು, ಈ ಬಾರಿ ಎರಡರಿಂದ ಮೂರು ಕೋಟಿ ಎಂಬ ಅಂದಾಜು. ಆಗ ಬರವಿರಲಿಲ್ಲ; ನೆರೆ ಇಳಿದ ಮೇಲೆ ಬಿಸಿ ಹವೆಯಲ್ಲಿ ನೀರಿನ ಆಮ್ಲಜನಕ ಕುಸಿದಿತ್ತು. ಶಾಸಕರನ್ನು ಬದಲಿಸಿ ನಾಲ್ಕು ವರ್ಷ ಕಳೆದರೂ ನದಿ ಸುಧಾರಿಸಿರಲಿಲ್ಲ. ಆದರೂ ಜನ ಬಟ್ಲರ್ ಅವರನ್ನು ಪಕ್ಷೇತರರಾಗಿ ಇನ್ನೂ ಹೆಚ್ಚಿನ ಅಂತರದಿಂದ ಆರಿಸಿದರು.

ಮುಂದಿನ ಚುನಾವಣೆ 2027ರ ಮಾರ್ಚ್‌ಗೆ ನಿಗದಿಯಾಗಿದೆ. ಇಂಥ ಕ್ಷೇತ್ರದಲ್ಲಿ ಪಕ್ಷದ ಚಿಹ್ನೆಗಿಂತ, ದೂರದ ಊರುಗಳಿಗೆ ಎಷ್ಟು ಸಲ ಬಂದುಹೋದರು ಎಂಬುದೇ ಗೆಲುವನ್ನು ನಿರ್ಧರಿಸುತ್ತದೆ. ಹಾಲಿ ಸದಸ್ಯರಿಗೆ ಅದರಿಂದ ಅನುಕೂಲವೇ. ಆದರೆ ಕಣದಲ್ಲಿ ಯಾರೇ ಇರಲಿ, ಎರಡು ಪ್ರಶ್ನೆಗಳನ್ನು ಎದುರಿಸಲೇಬೇಕು. ನರಾಬ್ರೈ ಬಳಿಯ ಪಿಲಿಗಾ ಕಾಡಿನಲ್ಲಿ 850 ಅನಿಲ ಬಾವಿಗಳನ್ನು ಕೊರೆಯುವ ಯೋಜನೆಗೆ 2020ರಲ್ಲಿ ಷರತ್ತಿನ ಅನುಮತಿ ದೊರೆತಿದೆ. ಅಂತರ್ಜಲದ ಗತಿಯೇನು ಎಂದು ರೈತರು ಕೇಳುತ್ತ ಬಂದಿದ್ದಾರೆ. ಇನ್ನೊಂದು ಹಳೆಯದೇ: ನದಿಯ ಹರಿವು ಎಷ್ಟು ಇಳಿದಾಗ ಮೇಲಿನ ಪಂಪುಗಳು ನಿಲ್ಲಬೇಕು? ಈ ಪ್ರಶ್ನೆಗೆ ಹತ್ತಿ ಸೀಮೆಯಲ್ಲಿ ಕೊಟ್ಟ ಉತ್ತರವನ್ನೇ ಅಭ್ಯರ್ಥಿಯು ಮೆನಿಂಡಿಯ ದಡದಲ್ಲಿಯೂ ಕೊಡುವರೇ ಎಂಬುದನ್ನು ಬಾರ್ಕಂಜಿ ಹಿರಿಯರು ಗಮನಿಸುತ್ತಿರುತ್ತಾರೆ.