ಗ್ರಾಹಿಗಳ ಸಂಧಿಕಾರ್ಯ

ಮಳೆ ಎಂಬುದೊಂದು ಪದ, ಕಾಲ ಎಂಬುದೊಂದು ಪದ. ಬೇರೆ ಬೇರೆಯಾಗಿ ನುಡಿದಾಗ ಎರಡೂ ತಮ್ಮ ತಮ್ಮ ಅಕ್ಷರಗಳನ್ನು ಉಳಿಸಿಕೊಂಡಿರುತ್ತವೆ. ಒಂದರ ಪಕ್ಕದಲ್ಲಿ ಇನ್ನೊಂದು ಬಂದು ನಿಂತೊಡನೆಯೇ ‘ಮಳೆಗಾಲ’ ಎನ್ನುತ್ತೇವೆ. ಕಕಾರ ಹೋಗಿ ಗಕಾರ ಬರುತ್ತದೆ. ಇದು ಆದೇಶಸಂಧಿಯೆಂದು ನಿಮ್ಮ ಮನೆಯ ಹೈಸ್ಕೂಲು ಹುಡುಗರು ಹೇಳಬಲ್ಲರು. ನೆರೆಯವರ ಸಹವಾಸದಿಂದ ಸ್ವಭಾವವೇ ಬದಲಾಗುವ ಇಂಥ ವ್ಯಾಪಾರ ನಮ್ಮ ಮಿದುಳಿನೊಳಗೂ ನಡೆಯುತ್ತದೆಂದರೆ ನಿಮಗೆ ಸೋಜಿಗವಾದೀತು. ಆ ವಿಷಯವಾಗಿ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬಯಸುತ್ತೇನೆ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಾದರೆ ಬಹುಮಟ್ಟಿಗೆ ಯಾವುದಾದರೊಂದು ರಾಸಾಯನಿಕ ದ್ರವ್ಯವನ್ನು ಸ್ರವಿಸುತ್ತದೆ. ಸುದ್ದಿ ಪಡೆಯುವ ಕೋಶದ ಹೊರಪೊರೆಯಲ್ಲಿ ಆ ದ್ರವ್ಯವನ್ನು ಹಿಡಿದುಕೊಳ್ಳತಕ್ಕ ಪ್ರೋಟೀನುಗಳಿರುತ್ತವೆ. ಇವೇ ಗ್ರಾಹಿಗಳು. ಇಂಥದೊಂದು ವಸ್ತು ಇದ್ದೇ ಇರಬೇಕೆಂದು ಕೇಂಬ್ರಿಜ್ಜಿನ ಲ್ಯಾಂಗ್ಲಿ ಎಂಬ ವಿದ್ವಾಂಸರು 1905ರಲ್ಲಿಯೇ ತರ್ಕಿಸಿದ್ದರು. ಬೀಗಕ್ಕೆ ಬೀಗದಕೈ ಹೇಗೋ ಗ್ರಾಹಿಗೆ ದ್ರವ್ಯ ಹಾಗೆ. ಒಂದೊಂದು ಗ್ರಾಹಿಯೂ ತನ್ನ ಪಾಡಿಗೆ ತಾನು ಕೆಲಸಮಾಡುತ್ತದೆ ಎಂದು ಬಹುಕಾಲ ಭಾವಿಸಿದ್ದರು. ಹಾಗಲ್ಲ, ಅಕ್ಕಪಕ್ಕದ ಗ್ರಾಹಿಗಳು ಒಂದರ ಮೇಲೊಂದು ಪ್ರಭಾವ ಬೀರುತ್ತವೆ ಎಂಬ ವಾದವನ್ನು 1980ರ ದಶಕದ ಆರಂಭದಲ್ಲಿ ಮುಂದಿಟ್ಟವರು ಸ್ವೀಡನ್ನಿನ ಫುಕ್ಸೆ ಮತ್ತು ಇಟಲಿಯ ಅಗ್ನಾಟಿ.

1998ರಲ್ಲಿ ಇದಕ್ಕೊಂದು ಬಲವಾದ ನಿದರ್ಶನ ದೊರಕಿತು. ‘ಗಾಬಾ’ ಎಂಬ ದ್ರವ್ಯ ನರಗಳ ಉದ್ರೇಕವನ್ನು ತಗ್ಗಿಸತಕ್ಕದ್ದು. ಅದರ ‘ಬಿ’ ಜಾತಿಯ ಗ್ರಾಹಿ ಎರಡು ಪ್ರೋಟೀನುಗಳ ಜೋಡಿ. ಮೊದಲನೆಯದು ಒಂಟಿಯಾಗಿದ್ದರೆ ಕೋಶದ ಒಳಗೇ ಉಳಿದುಬಿಡುತ್ತದೆ. ಎರಡನೆಯದು ಜೊತೆಯಾದರೆ ಮಾತ್ರ ಹೊರಪೊರೆಗೆ ಬರುತ್ತದೆ. ಅಲ್ಲಿ ಮೊದಲನೆಯದು ಗಾಬಾವನ್ನು ಹಿಡಿಯುತ್ತದೆ, ಎರಡನೆಯದು ಸುದ್ದಿಯನ್ನು ಒಳಕ್ಕೆ ದಾಟಿಸುತ್ತದೆ. ಒಂದು ಕೇಳುವ ಕಿವಿ, ಇನ್ನೊಂದು ಹೇಳುವ ಬಾಯಿ. ಸ್ನಾಯುಗಳ ಬಿಗಿತವನ್ನು ಸಡಿಲಿಸಲು ವೈದ್ಯರು ಕೊಡುವ ಬ್ಯಾಕ್ಲೋಫೆನ್ ಕೆಲಸಮಾಡುವುದು ಈ ಜೋಡಿಯ ಮೇಲೆಯೇ.

ಇನ್ನು ರೋಗದ ಮಾತಿಗೆ ಬರೋಣ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ವರ್ಣಿಸಿದ ರೋಗವನ್ನು ನಮ್ಮವರು ಕಂಪವಾತವೆನ್ನುತ್ತಾರೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ನಿಧಾನವಾಗುತ್ತದೆ. ಈ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯ ಬಹಳ ಕುಗ್ಗಿರುವುದನ್ನು 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಮತ್ತು ಅವರ ಸಹೋದ್ಯೋಗಿ ತೋರಿಸಿದರು. ಮಿದುಳಿಗೆ ಹೋಗಿ ಡೋಪಮಿನ್ ಆಗತಕ್ಕ ಡೋಪಾ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ರೋಗಿಗಳು ಚೇತರಿಸಿಕೊಂಡುದನ್ನು ಅಮೆರಿಕದ ಕೊಟ್ಜಿಯಾಸ್ 1967ರಲ್ಲಿ ವರದಿಮಾಡಿದರು. ಇಂದಿಗೂ ಲೆವೊಡೋಪಾ ಈ ರೋಗಕ್ಕೆ ಮುಖ್ಯ ಮದ್ದು. ಆದರೆ ಕೆಲವು ವರ್ಷ ಕಳೆದಮೇಲೆ ಒಂದು ಗುಳಿಗೆಯ ಗುಣ ಮುಂದಿನ ಗುಳಿಗೆಯ ಹೊತ್ತಿನವರೆಗೆ ನಿಲ್ಲದಾಗುತ್ತದೆ.

ಇಲ್ಲಿ ನಮ್ಮ ಸಂಧಿಕಾರ್ಯ ಬರುತ್ತದೆ. ಚಲನವಲನಗಳನ್ನು ನಿಯಂತ್ರಿಸುವ ಮಿದುಳಿನ ಭಾಗದಲ್ಲಿ ಡೋಪಮಿನ್ನಿನ ‘ಡಿ2’ ಗ್ರಾಹಿಯ ಮಗ್ಗುಲಲ್ಲಿ, ಅದೇ ಕೋಶದ ಮೇಲೆ, ಅಡೆನೊಸಿನ್ ಎಂಬ ಬೇರೊಂದು ದ್ರವ್ಯದ ‘ಎ2ಎ’ ಗ್ರಾಹಿ ಇರುತ್ತದೆ. ಅಡೆನೊಸಿನ್ ಬಂದು ತನ್ನ ಗ್ರಾಹಿಯನ್ನು ಕೂಡಿತೆಂದರೆ ಪಕ್ಕದ ಡಿ2 ಗ್ರಾಹಿ ಡೋಪಮಿನ್ನನ್ನು ಹಿಡಿಯುವ ಬಿಗಿ ಸಡಿಲವಾಗುತ್ತದೆ. ಸ್ಟಾಕ್‌ಹೋಮಿನ ವಿದ್ವಾಂಸರು 1991ರಲ್ಲಿ ಇಲಿಗಳ ಮಿದುಳಿನ ಪೊರೆಗಳಲ್ಲಿ ಇದನ್ನು ಕಂಡರು. ಕೋಶದ ಒಳಗೂ ಇವೆರಡರ ಆಜ್ಞೆಗಳು ಒಂದಕ್ಕೊಂದು ವಿರುದ್ಧ. ಡೋಪಮಿನ್ ಕುಗ್ಗಿದ ಮಿದುಳಿನಲ್ಲಿ ಅಡೆನೊಸಿನ್ನಿನ ಕೈ ಮೇಲಾಗುವುದು ಸಹಜವೇ. ಜೀವಂತ ಮನುಷ್ಯನ ಮಿದುಳಿನಲ್ಲಿ ಈ ಗ್ರಾಹಿಗಳು ಎಷ್ಟರಮಟ್ಟಿಗೆ ಮೈಗೆ ಮೈ ತಾಗಿಸಿಕೊಂಡಿರುತ್ತವೆ ಎಂಬ ಚರ್ಚೆ ಮುಗಿದಿಲ್ಲ. ಅವುಗಳ ಎದುರುಬದುರು ಮಾತ್ರ ನಿಶ್ಚಿತ.

ಡೋಪಮಿನ್ನನ್ನು ಹೆಚ್ಚಿಸುವ ಬದಲು ನೆರೆಯ ಗ್ರಾಹಿಯ ಬಾಯಿ ಮುಚ್ಚಿಸಿದರೇನು? ಈ ಯೋಚನೆಯಿಂದ ಹುಟ್ಟಿದ ಇಸ್ಟ್ರಾಡೆಫಿಲಿನ್ ಎಂಬ ಔಷಧಕ್ಕೆ 2013ರಲ್ಲಿ ಜಪಾನಿನಲ್ಲಿಯೂ 2019ರಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಲೆವೊಡೋಪಾದ ಜೊತೆಗೆ ಕೊಟ್ಟರೆ ಮೈ ಸ್ತಂಭಿಸುವ ಹೊತ್ತು ಸ್ವಲ್ಪ ಕಡಮೆಯಾಗುತ್ತದೆ, ರೋಗವೇನೂ ವಾಸಿಯಾಗುವುದಿಲ್ಲ.

ನಿಮ್ಮ ಅಡುಗೆಮನೆಯ ಕಾಫಿಗೂ ಇಲ್ಲೊಂದು ಪಾತ್ರವಿದೆ. ಕಾಫಿಯಲ್ಲಿರುವ ಕೆಫೀನು ಅಡೆನೊಸಿನ್ನಿನ ಗ್ರಾಹಿಗಳಿಗೆ ಅಡ್ಡಗಟ್ಟುತ್ತದೆ. ನಿದ್ದೆ ಹಾರಿಹೋಗುವುದು ಅದರಿಂದಲೇ. ಹವಾಯಿ ದ್ವೀಪಗಳ ಎಂಟು ಸಾವಿರ ಪುರುಷರನ್ನು ಬಹುವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಫಿ ಕುಡಿಯುವವರಿಗೆ ಈ ರೋಗ ಕಡಮೆಯೆಂದು ತಿಳಿದುಬಂತು. ಆದರೆ ರೋಗ ಬಂದವರಿಗೆ ಕೆಫೀನು ಕೊಟ್ಟು ನೋಡಿದಾಗ ಅವರ ಚಲನೆ ಉತ್ತಮಗೊಳ್ಳಲಿಲ್ಲವೆಂದು 2017ರಲ್ಲಿ ಗೊತ್ತಾಯಿತು. ಆದುದರಿಂದ ಲೋಟಗಟ್ಟಲೆ ಕಾಫಿ ಮದ್ದಾಗದು.

ಕೊನೆಯದಾಗಿ ಒಂದು ವಿಜ್ಞಾಪನೆ. ಮನೆಯಲ್ಲಿ ಇಂಥ ಹಿರಿಯರಿದ್ದರೆ, ಬೆಳಗ್ಗೆ ಹಜಾರದಲ್ಲಿ ತಿರುಗಾಡಿದವರು ಮಧ್ಯಾಹ್ನ ಹೊಸ್ತಿಲ ಬಳಿ ಕಂಬದಂತೆ ನಿಂತುಬಿಡುವುದುಂಟು. ‘ಆಗ ನಡೆದರಲ್ಲ, ಈಗೇನು ಬಂತು?’ ಎಂದು ಸಿಡುಕುವವರುಂಟು. ಅದು ಸೋಗಲ್ಲ, ಸೋಮಾರಿತನವಲ್ಲ. ಔಷಧದ ಗುಣ ಇಳಿದಿದೆ. ಒಳಗಿನ ಗ್ರಾಹಿಗಳ ತೂಕ ತಪ್ಪಿದೆ. ಯಾವ ಗುಳಿಗೆ ನುಂಗಿ ಎಷ್ಟು ಹೊತ್ತಿಗೆ ಹೀಗಾಯಿತೆಂದು ಒಂದು ಚೀಟಿಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ನೀವಾಗಿ ಗುಳಿಗೆಯನ್ನು ಹೆಚ್ಚಿಸಬೇಡಿ, ನಿಲ್ಲಿಸಲೂ ಬೇಡಿ. ಅಷ್ಟರಲ್ಲಿ ಅವರ ಪಕ್ಕದಲ್ಲಿ ತಾಳ್ಮೆಯಿಂದ ನಿಂತು ಕೈ ಕೊಡಿ.